ಕಿಲ್ನ್ ಉಳಿಸಲು ಕೊಟ್ಟ ಸಾಲ: ದಿವಾಳಿಯಲ್ಲಿ ಮೊದಲ ಪಾಲು ಯಾರಿಗೆ?

ಅದಿರನ್ನು ಸ್ಪಾಂಜ್ ಐರನ್ ಎಂಬ ಕಬ್ಬಿಣವಾಗಿಸುವ ಕಿಲ್ನ್ (ಕೊಳವೆಯಾಕಾರದ ಕುಲುಮೆ) ಸಾವಿರ ಡಿಗ್ರಿ ಆಸುಪಾಸಿನ ಕಾವಿನಲ್ಲಿ ನಿಧಾನವಾಗಿ ತಿರುಗುತ್ತಲೇ ಇರಬೇಕು. ಬಿಸಿಯಿರುವಾಗ ನಿಂತರೆ ಉಕ್ಕಿನ ಕೊಳವೆ ಬಾಗುತ್ತದೆ, ಗಡಿಬಿಡಿಯಲ್ಲಿ ಆರಿಸಿದರೆ ಒಳಗಿನ ಇಟ್ಟಿಗೆ ಸೀಳುತ್ತದೆ. ಬಳ್ಳಾರಿಯ ಸುತ್ತಲೋ ಕೊಪ್ಪಳದ ಗಿಣಿಗೇರಾ ಕಡೆಯೋ ಇರುವ ಇಂಥದೊಂದು ಕಾರ್ಖಾನೆಯ ಮೇಲಿನ ದಿವಾಳಿ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಬೆಂಗಳೂರು ಪೀಠ ಅಂಗೀಕರಿಸಿತು ಎನ್ನಿ. ಮರುದಿನವೇ ಡೀಸೆಲ್‌ಗೆ, ಕಾವಲಿಗೆ, ಕರೆಂಟಿಗೆ ದುಡ್ಡು ಬೇಕು. ಟನ್ ಸ್ಪಾಂಜ್‌ಗೆ ಸುಮಾರು 1.6 ಟನ್ ಅದಿರು. ಅಂದರೆ 100 ಟನ್ನಿನ ಕಿಲ್ನ್‌ಗೆ ದಿನಕ್ಕೆ 160 ಟನ್. ದಿವಾಳಿ ಕಂಪನಿಗೆ ಉದ್ರಿ ಕೊಡುವವರು ಸಿಗುವುದಿಲ್ಲ. ಅಗತ್ಯ ಸೇವೆಯೆಂದು ಕರೆಂಟ್ ಕತ್ತರಿಸದಂತೆ ತಡೆಯಿದೆ ನಿಜ, ಆದರೆ ಸ್ಪಾಂಜ್ ಕರಗಿಸುವ ಇಂಡಕ್ಷನ್ ಫರ್ನೇಸ್‌ಗೆ ಹೋಗುವ ಕರೆಂಟ್ ನೇರವಾಗಿ ಉತ್ಪಾದನೆಗೇ ಬಳಕೆಯಾಗುವುದರಿಂದ ಆ ತಡೆ ಅದಕ್ಕೆ ತಾನಾಗಿ ಅನ್ವಯಿಸದು. ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನ ಬಿಲ್ ಕಟ್ಟಲೇಬೇಕು.

ದಿವಾಳಿ ಪ್ರಕ್ರಿಯೆ ನಡೆಯುವಾಗ ಕಾರ್ಖಾನೆ ಉಳಿಸಲು ಹೀಗೆ ನಡುವೆ ಬರುವುದೇ ಮಧ್ಯಂತರ ಸಾಲ. ಅದನ್ನು ಕೊಟ್ಟವರಿಗೂ ಹಳೆಯ ಅಡಮಾನದವರಿಗೂ ಜಗಳ ಹತ್ತುವುದು ಇಲ್ಲಿಂದಲೇ.

2016ಕ್ಕೆ ಮುಂಚೆ ಈ ಜಗಳಕ್ಕೆ ಆಸ್ಪದವೇ ಕಡಿಮೆಯಿತ್ತು, ಯಾಕೆಂದರೆ ಸಾಲವೇ ಸಿಗುತ್ತಿರಲಿಲ್ಲ. 1985ರ ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆಯಡಿ ಪ್ರಕರಣ ಕೈಗಾರಿಕಾ ಮತ್ತು ಹಣಕಾಸು ಪುನರ್ರಚನಾ ಮಂಡಳಿಗೆ (ಬಿಐಎಫ್‌ಆರ್) ಹೋಗುತ್ತಿತ್ತು. ಹಣಕಾಸಿನ ನೆರವು ನೀಡಬೇಕಾದ ಪ್ರತಿಯೊಬ್ಬರ ಒಪ್ಪಿಗೆಯೂ ಬೇಕಿತ್ತು. ಒಬ್ಬರು ತಲೆಯಾಡಿಸದಿದ್ದರೆ ಕಡತ ವರ್ಷಗಟ್ಟಲೆ ಕೊಳೆಯುತ್ತಿತ್ತು. ಅದೇ ವರ್ಷ ಕಂಪನಿ ಕಾಯ್ದೆಗೆ ಸೇರಿದ 529ಎ ಸೆಕ್ಷನ್ ಕಾರ್ಮಿಕರ ಬಾಕಿಯನ್ನು ಅಡಮಾನದ ಸಾಲದ ಸಮಕ್ಕೆ ತಂದಿತು. ನಡುವೆ ದುಡ್ಡು ಹಾಕಿದವರಿಗೆ ಅಲ್ಲಿ ಜಾಗವಿರಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿಲ್ಲದೆ ಕಂಗೆಟ್ಟ ಇಲ್ಲಿನ ಕಿಲ್ನ್‌ಗಳ ಎದುರಿಗಿದ್ದದ್ದೂ ಇದೇ ಕಾನೂನು.

2016ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ದಿವಾಳಿ ಸಂಹಿತೆ ಮಧ್ಯಂತರ ಸಾಲವನ್ನು ಪ್ರಕ್ರಿಯೆಯ ವೆಚ್ಚ ಎಂದು ಕರೆದು, ಆಸ್ತಿ ಮಾರಿದ ಹಣ ಹಂಚುವ ಕ್ರಮ ಹೇಳುವ 53ನೇ ಸೆಕ್ಷನ್‌ನ ಮೊದಲ ಮೆಟ್ಟಿಲಲ್ಲಿ ಕೂರಿಸಿತು. 24 ತಿಂಗಳ ಕಾರ್ಮಿಕ ಬಾಕಿ ಮತ್ತು ತನ್ನ ಅಡಮಾನವನ್ನು ಹಂಚಿಕೆಯ ಒಟ್ಟು ಆಸ್ತಿಗೆ ಬಿಟ್ಟುಕೊಟ್ಟ ಬ್ಯಾಂಕು ಎರಡನೆಯ ಮೆಟ್ಟಿಲಲ್ಲಿವೆ.

ತಪ್ಪು ತಿಳಿವಳಿಕೆ ಹೆಚ್ಚು ಕಾಣುವುದು ಇಲ್ಲಿ: ಮೊದಲ ಪಾಲು ಬೇರೆ, ಅಡಮಾನ ಬೇರೆ. ಉದಾಹರಣೆಗೆ ಸಾಲ ಕೊಟ್ಟವರ ಸಮಿತಿಯಲ್ಲಿ, ಅಂದರೆ ಸಿಒಸಿಯಲ್ಲಿ, ಒಂದು ಬ್ಯಾಂಕಿಗೆ ಶೇ 70, ಇನ್ನೊಂದಕ್ಕೆ ಶೇ 30 ಮತ. ಸಾಲ ಎತ್ತಲು ಬೇಕಿರುವುದು ಶೇ 66 (2018ರ ತನಕ ಶೇ 75); ದೊಡ್ಡ ಬ್ಯಾಂಕೊಂದೇ ಸಾಕು. ಆದರೆ ಕಿಲ್ನ್ ಅಡಮಾನವಿರುವುದು ಚಿಕ್ಕ ಬ್ಯಾಂಕಿನಲ್ಲಿ, 12 ಕೋಟಿಗೆ. ಹೊಸಬರಿಗೆ ಅದೇ ಕಿಲ್ನ್ ಮೇಲೆ ಚಾರ್ಜ್, ಅಂದರೆ ಅಡಮಾನದ ಹಕ್ಕು, ಕೊಡಲು ಚಿಕ್ಕ ಬ್ಯಾಂಕು ಒಪ್ಪಲೇಬೇಕು. ಆಸ್ತಿಯ ಬೆಲೆ ಸಾಲದ ಎರಡು ಪಟ್ಟು, ಅಂದರೆ 24 ಕೋಟಿ, ಇದ್ದರೆ ಮಾತ್ರ ಒಪ್ಪಿಗೆ ಬೇಡ. ಅಷ್ಟು ಬೆಲೆಯಿದ್ದ ಕಂಪನಿ ಇಲ್ಲಿಗೆ ಬಂದು ಬೀಳುವುದು ಅಪರೂಪ.

ಹಾಗಂತ ಒಪ್ಪದೆ ಕೂತ ಬ್ಯಾಂಕು ಬಚಾವಾಗುವುದಿಲ್ಲ. ಲಿಕ್ವಿಡೇಶನ್‌ನಲ್ಲಿ, ಅಂದರೆ ಕಂಪನಿಯ ಆಸ್ತಿ ಮಾರಿ ಮುಚ್ಚುವಾಗ, ಹೊರಗೇ ನಿಂತು ತನ್ನ ಅಡಮಾನ ತಾನೇ ಮಾರಿಕೊಂಡರೂ 52ನೇ ಸೆಕ್ಷನ್ ಪ್ರಕಾರ ಪ್ರಕ್ರಿಯೆಯ ವೆಚ್ಚ ಆ ಹಣದಿಂದ ಕಡಿತವಾಗುತ್ತದೆ. ಬೇಡವೆಂದು ಮತ ಹಾಕಿದ ಸಾಲದ ಭಾರ ತಾನೂ ಹೊರಬೇಕು. ಆ ಸಿಟ್ಟು ನ್ಯಾಯವಾದದ್ದೇ.

ಹೊಸ ಸಾಲದವರು ಎಡವುವುದು ಕಾಗದದಲ್ಲಿ. ಸಿಒಸಿ ಒಪ್ಪಿಗೆ ಇಲ್ಲದೆ, ಇಲ್ಲವೇ ಅದು ನಿಗದಿಪಡಿಸಿದ ಮಿತಿ ಮೀರಿ ಸಾಲ ಎತ್ತಿದರೆ 28ನೇ ಸೆಕ್ಷನ್‌ನಡಿ ಆ ಕ್ರಮವೇ ಅನೂರ್ಜಿತ. ಆದ್ದರಿಂದ ಹಣ ಬಿಡುಗಡೆಗೆ ಮುಂಚಿನ ತಾರೀಖಿನ ನಿರ್ಣಯ, ಮತಗಳ ಶೇಕಡಾವಾರು, ಮೊತ್ತ, ಬಡ್ಡಿ ಎಲ್ಲವೂ ಕೈಯಲ್ಲಿರಬೇಕು. 2025ರ ಮೇ ತಿದ್ದುಪಡಿಯ ಬಳಿಕ ಸಿಒಸಿ ಬಯಸಿದರೆ ಇವರನ್ನು ಸಭೆಗೆ ಕರೆಯಬಹುದು, ಮತ ಮಾತ್ರ ಇಲ್ಲ.

ಮೊದಲ ಮೆಟ್ಟಿಲಲ್ಲೂ ನೂಕುನುಗ್ಗಲಿದೆ. ವೆಚ್ಚ 8 ಕೋಟಿಯಾಗಿ, ಗುಜರಿ ಬೆಲೆಗೆ ಮಾರಿ 4 ಕೋಟಿಯಷ್ಟೇ ಬಂದರೆ ದಿವಾಳಿ ಪ್ರಕ್ರಿಯೆ ನಡೆಸುವ ಆರ್‌ಪಿಯ (ರೆಸಲ್ಯೂಷನ್ ಪ್ರೊಫೆಷನಲ್) ಶುಲ್ಕ, ಈ ಅವಧಿಯ ಕರೆಂಟ್ ಬಿಲ್, ಮಧ್ಯಂತರ ಸಾಲ ಎಲ್ಲಕ್ಕೂ ರೂಪಾಯಿಗೆ ಐವತ್ತು ಪೈಸೆ. ಲಿಕ್ವಿಡೇಶನ್ ಶುರುವಾದ ಮೇಲಿನ ಬಡ್ಡಿಯೂ ಹೆಚ್ಚೆಂದರೆ 12 ತಿಂಗಳದ್ದು ಮಾತ್ರ ವೆಚ್ಚದ ಲೆಕ್ಕಕ್ಕೆ ಸೇರುತ್ತದೆ.