ಒಂದು ಒಣದ್ರಾಕ್ಷಿಯ ತೂಕ

‘ಒಂದೇ ಒಂದು ಒಣದ್ರಾಕ್ಷಿ ತಾನೇ, ಅಷ್ಟಕ್ಕೆ ಏನಾಗಿಬಿಡುತ್ತದೆ?’ ಇಲಿಯಂಥ ಪುಟ್ಟ ಸಾಕುಪ್ರಾಣಿ ಹ್ಯಾಮ್ಸ್ಟರನ್ನು ಸಾಕಿದ ಗೆಳೆಯರು ಹೀಗೆ ಕೇಳಿದಾಗಲೆಲ್ಲ ನಾನು ಕಾಗದ, ಪೆನ್ಸಿಲ್ ತೆಗೆದು ಕೂರುತ್ತೇನೆ. ಅವರು ಮುಖ ಸಿಂಡರಿಸುವುದು ಗೊತ್ತಿದ್ದೂ ಈ ಚಾಳಿ ಬಿಟ್ಟಿಲ್ಲ.

ಸಾಧಾರಣ ಒಣದ್ರಾಕ್ಷಿ ಅರ್ಧ ಗ್ರಾಂ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ 0.3 ಗ್ರಾಂ ಸಕ್ಕರೆ. ಅದನ್ನು ಎರಡೂ ಮುಂಗಾಲುಗಳಲ್ಲಿ ಅವುಚಿಕೊಂಡು ಕೂತ ಡ್ವಾರ್ಫ್ (ಕುಳ್ಳ ಜಾತಿಯ) ಹ್ಯಾಮ್ಸ್ಟರಿನ ತೂಕ 40 ಗ್ರಾಂ ಎಂದಿಟ್ಟುಕೊಳ್ಳೋಣ. 60 ಕಿಲೋ ತೂಗುವ ಮನುಷ್ಯ ಅದರ 1500 ಪಟ್ಟು. ಹಾಗಾದರೆ ಆ ಒಂದು ಒಣದ್ರಾಕ್ಷಿ ನಮಗೆ 450 ಗ್ರಾಂ ಸಕ್ಕರೆಗೆ ಸಮ. ಅರ್ಧ ಕಿಲೋಗೆ ಹತ್ತಿರ! ಗಾಬರಿಯಾಗಬೇಡಿ, ಈ ಲೆಕ್ಕ ತಪ್ಪು. ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಮಜಾ ಇರುವುದು.

ಹಂಡೆಯಲ್ಲಿ ಕಾಯಿಸಿದ ನೀರು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅದೇ ನೀರನ್ನು ಪುಟ್ಟ ಲೋಟಕ್ಕೆ ಬಗ್ಗಿಸಿಟ್ಟರೆ ಮಾತಾಡುತ್ತಿರುವಾಗಲೇ ಆರಿಹೋಗುತ್ತದೆ. ಒಂದು ಘನಾಕಾರದ ಮರದ ತುಂಡನ್ನು ಎಂಟು ಸಮನಾದ ಪುಟ್ಟ ಘನಗಳಾಗಿ ಕೊಯ್ದು ನೋಡಿ: ಮರ ಅಷ್ಟೇ ಇದೆ, ಮೇಲ್ಮೈ ಮಾತ್ರ ಎರಡು ಪಟ್ಟಾಗಿದೆ. ಬೆಚ್ಚನೆ ರಕ್ತದ ಪುಟ್ಟ ಪ್ರಾಣಿಯ ಪಾಡೂ ಇದೇ, ಮೈಯಿಗಿಂತ ಚರ್ಮವೇ ಹೆಚ್ಚು. ಶಾಖ ಸೋರುತ್ತಲೇ ಇರುತ್ತದೆ, ಒಲೆ ಉರಿಯುತ್ತಲೇ ಇರಬೇಕು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ನಲವತ್ತು ಜನರಿಗೆ ಅಡುಗೆ ಮಾಡಲು ಒಬ್ಬನ ಅಡುಗೆಯ ನಲವತ್ತು ಪಟ್ಟು ಸೌದೆ ಬೇಕಿಲ್ಲ. ದೊಡ್ಡ ದೇಹ ಕೂಡು ಕುಟುಂಬದ ಅಡುಗೆಮನೆ, ಹ್ಯಾಮ್ಸ್ಟರಿನದು ಒಂಟಿ ಬಿಡಾರ.

1883ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಮ್ಯಾಕ್ಸ್ ರುಬ್ನರ್ ಚಿಕ್ಕ, ದೊಡ್ಡ ನಾಯಿಗಳನ್ನು ಅಳೆದು, ದೇಹದ ಶಕ್ತಿಯ ಖರ್ಚು ಮೇಲ್ಮೈಯನ್ನು ಅನುಸರಿಸುತ್ತದೆ ಎಂದ. 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಮ್ಯಾಕ್ಸ್ ಕ್ಲೈಬರ್ ಇಲಿಯಿಂದ ಹೋರಿಯವರೆಗಿನ ಅಂಕಿಗಳನ್ನು ಒಂದೇ ಗೆರೆಯ ಮೇಲೆ ಕೂರಿಸಿದ. ಅವನ ಹೆಸರಿನಲ್ಲಿ ಉಳಿದ ನಿಯಮದ ಪ್ರಕಾರ ತೂಕ 10,000 ಪಟ್ಟಾದರೆ ಖರ್ಚು 1000 ಪಟ್ಟಷ್ಟೇ ಆಗುತ್ತದೆ. ಹೀಗೇಕೆ ಎಂಬ ಜಗಳ ಜೀವವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ತೂಕವನ್ನು ಮಾತ್ರ ನೋಡಿ ಗುಣಿಸಿದರೆ ಏನಾಗಬಹುದು ಎಂಬುದಕ್ಕೆ 1962ರ ಒಂದು ದುರಂತವಿದೆ. ಅಮೆರಿಕದ ಒಕ್ಲಹೋಮ ಸಿಟಿಯ ಮೃಗಾಲಯದಲ್ಲಿದ್ದ ಟಸ್ಕೊ ಎಂಬ ಆನೆಗೆ ಸಂಶೋಧಕರು ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವನ್ನು ಚುಚ್ಚಿದರು. ಚಿಕ್ಕ ಪ್ರಾಣಿಗಳಿಗೆ ಕೊಟ್ಟಿದ್ದ ಪ್ರಮಾಣವನ್ನು ಆನೆಯ ತೂಕಕ್ಕೆ ಹೆಚ್ಚಿಸಿದ್ದರಿಂದ ಅದು 297 ಮಿಲಿಗ್ರಾಂ ಆಗಿತ್ತು. ಎರಡು ಗಂಟೆಯೊಳಗೆ ಟಸ್ಕೊ ಸತ್ತಿತು. ಅದು ಕುಸಿದ ಮೇಲೆ ಕೊಟ್ಟ ಬೇರೆ ಔಷಧಗಳ ಪಾತ್ರವೆಷ್ಟು ಎಂಬ ಚರ್ಚೆ ಬೇರೆ. ಆದರೆ ಆ ಗುಣಾಕಾರ ಪಠ್ಯಗಳಲ್ಲಿ ಎಚ್ಚರಿಕೆಯಾಗಿ ಉಳಿದುಕೊಂಡಿತು.

ನಮ್ಮ ಒಣದ್ರಾಕ್ಷಿಗೆ ಬರೋಣ. ಕ್ಲೈಬರ್ ಲೆಕ್ಕದಲ್ಲಿ 1500 ಪಟ್ಟು ತೂಕಕ್ಕೆ ಖರ್ಚು ಸುಮಾರು 240 ಪಟ್ಟು. ಅಂದರೆ ಹ್ಯಾಮ್ಸ್ಟರಿನ 0.3 ಗ್ರಾಂ ಸಕ್ಕರೆ ನಮ್ಮ 72 ಗ್ರಾಂಗೆ, ಹದಿನೆಂಟು ಟೀ ಚಮಚಕ್ಕೆ ಸಮ. ಅರ್ಧ ಕಿಲೋ ಅಲ್ಲ, ಸರಿ. ಆದರೆ ಮಗುವೊಂದು ಒಂದೇ ಏಟಿಗೆ ಹದಿನೆಂಟು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡರೆ ‘ಒಂದೇ ತಾನೇ’ ಎಂದು ಯಾರೂ ಅನ್ನುವುದಿಲ್ಲ.

ಈ ಪ್ರಾಣಿಗಳ ತವರನ್ನೂ ಒಮ್ಮೆ ನೋಡಬೇಕು. ಡ್ವಾರ್ಫ್ ಹೆಸರಿನಲ್ಲಿ ಸಾಕುವವು ಮುಖ್ಯವಾಗಿ ಮೂರು. ಚಳಿಗಾಲದಲ್ಲಿ ಬೆಳ್ಳಗಾಗುವ ಜುಂಗೇರಿಯನ್ ಹ್ಯಾಮ್ಸ್ಟರನ್ನು ನಿಸರ್ಗವಿಜ್ಞಾನಿ ಪೀಟರ್ ಸೈಮನ್ ಪಲ್ಲಾಸ್ 1773ರಲ್ಲೇ ವರ್ಣಿಸಿದ್ದ. ರೊಬೊರೊವ್‌ಸ್ಕಿಗೆ 1903ರಲ್ಲಿ, ಕ್ಯಾಂಪ್‌ಬೆಲ್ಲಿಗೆ 1905ರಲ್ಲಿ ವೈಜ್ಞಾನಿಕ ಹೆಸರು ಸಿಕ್ಕಿತು. ಸೈಬೀರಿಯಾ, ಕಝಾಕಸ್ತಾನ, ಮಂಗೋಲಿಯಾ, ಉತ್ತರ ಚೀನಾದ ಒಣ ಹುಲ್ಲುಗಾವಲು, ಅರೆಮರುಭೂಮಿ ಇವುಗಳ ನೆಲೆ. ಅಲ್ಲಿ ಸಿಗುವುದು ಹುಲ್ಲಿನ ಬೀಜ, ಗಿಡದ ಚಿಗುರು, ಜೊತೆಗೆ ಹುಳುಹುಪ್ಪಟೆ. ಹಣ್ಣಿನ ತೋಟ ಇವುಗಳ ಪೂರ್ವಜರು ಕಂಡದ್ದಲ್ಲ. ‘ಹಣ್ಣು ಪ್ರಕೃತಿದತ್ತ, ಒಳ್ಳೆಯದೇ ಮಾಡುತ್ತದೆ’ ಎಂಬ ನಂಬಿಕೆ ನಮ್ಮದೇ ಹೊರತು ಅವುಗಳದಲ್ಲ. ಕ್ಯಾಂಪ್‌ಬೆಲ್ ಹ್ಯಾಮ್ಸ್ಟರಿಗಂತೂ ಸಕ್ಕರೆ ಕಾಯಿಲೆಯ ಒಲವು ಹುಟ್ಟಿನಿಂದಲೇ ಹೆಚ್ಚು. ಸಾಕುಪ್ರಾಣಿ ವ್ಯಾಪಾರದಲ್ಲಿ ಕ್ಯಾಂಪ್‌ಬೆಲ್ ಮತ್ತು ಜುಂಗೇರಿಯನ್ ಮಿಶ್ರತಳಿಗಳು ಓಡಾಡುವುದರಿಂದ ನಿಮ್ಮ ಕೈಲಿರುವುದು ಯಾವುದೆಂದು ಖಾತ್ರಿಯಿಲ್ಲ. ಎಲ್ಲದಕ್ಕೂ ಒಂದೇ ಕಟ್ಟುಪಾಡು ಇಟ್ಟುಕೊಳ್ಳುವುದೇ ಜಾಣತನ. ನೀರಿನ ಬಾಟಲಿ ಎಂದಿಗಿಂತ ಬೇಗ ಖಾಲಿಯಾಗುತ್ತಿದ್ದರೆ, ಹಾಸು ಸದಾ ಒದ್ದೆಯಾಗಿದ್ದರೆ ಪಶುವೈದ್ಯರ ಬಳಿಗೆ ಹೋಗಿ.

ನನಗೆ ಇನ್ನೂ ಹೆಚ್ಚು ರೇಗಿಸುವ ಮಾತು ಬೇರೆಯಿದೆ: ‘ಪ್ರಾಣಿಗೆ ತನಗೇನು ಬೇಕೆಂದು ಗೊತ್ತು.’ ಬೀಜಗಳ ಮಿಶ್ರಣವನ್ನು ಬಟ್ಟಲಿಗೆ ಸುರಿದು ಪಕ್ಕದಲ್ಲಿ ಕೂತು ನೋಡಿ. ಮೊದಲು ಮಾಯವಾಗುವುದು ಸೂರ್ಯಕಾಂತಿ ಬೀಜ. ಅದರ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬು. ಬರಗಾಲದ ನೆಲದಲ್ಲಿ ಕೊಬ್ಬಿನ ಕಾಳು ಕಂಡೊಡನೆ ಎತ್ತಿಡುವವನೇ ಬದುಕಿದ, ಆ ಬುದ್ಧಿಯೇ ಇಂದಿಗೂ ಕೆಲಸ ಮಾಡುತ್ತಿದೆ. ಎಂದೂ ಬರ ಬಾರದ ಪಂಜರಕ್ಕಾಗಿ ಅದು ರೂಪುಗೊಂಡದ್ದಲ್ಲ. ಅದಕ್ಕೇ ಪ್ರತಿ ತುಣುಕಿನಲ್ಲೂ ಎಲ್ಲ ಪೋಷಕಾಂಶ ಒಂದೇ ಸಮ ಇರುವ ಪೆಲೆಟ್ ಆಹಾರ ಬುನಾದಿಯಾಗಿರಲಿ, ಅದರ ಮೇಲೆ ಸ್ವಲ್ಪ ಬೀಜದ ಮಿಶ್ರಣ. ದಿನಕ್ಕೆ ಒಂದೆರಡು ಟೀ ಚಮಚ ಸಾಕು.

ಬಟ್ಟಲು ಖಾಲಿಯಾಯಿತೆಂದರೆ ಹೊಟ್ಟೆ ತುಂಬಿತೆಂದೂ ಅಲ್ಲ, ಹಸಿವೆಂದೂ ಅಲ್ಲ. ಕೆನ್ನೆಯಿಂದ ಹೆಗಲಿನಾಚೆಗೂ ಹಿಗ್ಗುವ ಎರಡು ಚೀಲಗಳಿವೆಯಲ್ಲ! ಒಂದು ರಾತ್ರಿ ಹತ್ತಿರದಿಂದ ನೋಡಿದ್ದೆ: ಕುಂಬಳಬೀಜವನ್ನು ಮುಂಗಾಲಿನಲ್ಲಿ ಉದ್ದುದ್ದ ತಿರುಗಿಸಿ, ಚೂಪು ತುದಿಯನ್ನು ಮುಂದೆ ಮಾಡಿ, ಕಾಗದ ಅಂಚೆಪೆಟ್ಟಿಗೆಗೆ ಬಿದ್ದಂತೆ ಒಳಗೆ ತಳ್ಳಿತು. ಆರನೆಯ ಬೀಜಕ್ಕೆ ಮುಖದ ಆಕಾರವೇ ಬದಲಾಗಿತ್ತು. ಈ ಚೀಲದ ಒಳಪದರದಲ್ಲಿ ಜೊಲ್ಲು ಸುರಿಸುವ ಗ್ರಂಥಿಗಳಿಲ್ಲ, ಹಾಗಾಗಿ ಕಾಳು ನೆನೆಯದೆ ಬಿಲ ಸೇರುತ್ತದೆ. ಬೆನ್ನಿಗೆ ಕಟ್ಟಿದ ಕಣಜ ಎನ್ನಿ. ಆದರೆ ಅಂಟುವ ಪದಾರ್ಥ ಸಿಕ್ಕಿಕೊಂಡರೆ ತೊಳೆದುಹೋಗಲು ಒಳಗೆ ತೇವವೂ ಇಲ್ಲ. ಹ್ಯಾಮ್ಸ್ಟರಿನ ಚಿತ್ರ ಅಚ್ಚಾದ ಪೊಟ್ಟಣದಲ್ಲಿ ಬರುವ ಜೇನಿನ ಕಡ್ಡಿ, ಮೊಸರಿನ ಮಿಠಾಯಿ ಎರಡು ಕಾರಣಕ್ಕೂ ಬೇಡ. ಆ ಚಿತ್ರ ಖುಷಿಪಡಿಸುವುದು ಕೊಳ್ಳುವವರನ್ನು.

ಬಾಯಿ ಚಪಲಕ್ಕೆ ಏನಾದರೂ ಕೊಡಲೇಬೇಕೆಂದರೆ ಉಗುರಿನಷ್ಟು ಸೌತೆಕಾಯಿ ಅಥವಾ ಬ್ರೊಕೋಲಿ, ಉಪ್ಪಿಲ್ಲದ ಒಂದು ಕುಂಬಳಬೀಜ, ಬಟಾಣಿ ಗಾತ್ರದ ಬೇಯಿಸಿದ ಮೊಟ್ಟೆ, ಆಗೊಮ್ಮೆ ಈಗೊಮ್ಮೆ ಒಣಗಿಸಿದ ಮೀಲ್‌ವರ್ಮ್ ಹುಳು. ಹುಳು ಎಂದರೆ ಮುಖ ಕಿವುಚುವವರು ನಾವು, ಅದಲ್ಲ. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟ್, ಹುಳಿ ಹಣ್ಣು, ಸೇಬಿನ ಬೀಜ, ಹಸಿರು ತಿರುಗಿದ ಆಲೂಗಡ್ಡೆ, ಬೇಯಿಸದ ರಾಜ್ಮಾ ಹತ್ತಿರವೂ ಸುಳಿಯಬಾರದು. ತನ್ನದೇ ಹಿಕ್ಕೆ ತಿನ್ನುವುದನ್ನು ಕಂಡು ಬೈಯಬೇಡಿ, ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿದ ವಿಟಮಿನ್‌ಗಳನ್ನು ಅದು ಹೀಗೆ ಮರಳಿ ಪಡೆಯುತ್ತದೆ.

ಚಳಿ ಬಂತೆಂದು ಬಟ್ಟಲು ಏರಿಸುವವರಿಗೂ ಒಂದು ಮಾತು. ಹಗಲು ಕುಗ್ಗಿದಂತೆ ಜುಂಗೇರಿಯನ್ ಹ್ಯಾಮ್ಸ್ಟರ್ ತಾನಾಗಿಯೇ ಕಡಿಮೆ ತಿಂದು ಮೂರನೇ ಒಂದರಷ್ಟು ತೂಕ ಇಳಿಸಿಕೊಳ್ಳಬಲ್ಲದು. ಕತ್ತಲೆಯ ಉದ್ದವನ್ನು ಮೆಲಟೋನಿನ್ ಎಂಬ ಹಾರ್ಮೋನು ಅದಕ್ಕೆ ತಿಳಿಸುತ್ತದೆ. ನಡುರಾತ್ರಿಯವರೆಗೆ ದೀಪ ಉರಿಯುವ ಕೋಣೆಯಲ್ಲಿ ಈ ಪಂಚಾಂಗವೇ ಅದಕ್ಕೆ ಸಿಗದೆ ಹೋಗಬಹುದು.

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ. ‘ಬಟ್ಟಲು ಮತ್ತೆ ಖಾಲಿ. ಇದಕ್ಕೆ ಹೊಟ್ಟೆಯೇ ತುಂಬುವುದಿಲ್ಲವಲ್ಲ?’ ಮೂಲೆಯ ಹಾಸನ್ನು ಮೆಲ್ಲನೆ ಎತ್ತಿ ನೋಡೆಂದೆ. ಪೆಲೆಟ್‌ಗಳ ಪುಟ್ಟ ಗುಡ್ಡೆ, ಸಿಪ್ಪೆ ಬಿಡಿಸದ ಸೂರ್ಯಕಾಂತಿ ಬೀಜಗಳ ಸಾಲು, ಕೊಳೆಯಲು ಶುರುವಾಗಿದ್ದ ಸೌತೆ ಚೂರು. ಸೌತೆ ಮಾತ್ರ ತೆಗೆ, ಉಳಿದದ್ದನ್ನು ಮುಟ್ಟಬೇಡ, ಎಲ್ಲ ಬಾಚಿಬಿಟ್ಟರೆ ಅದಕ್ಕೆ ಗಾಬರಿಯಾಗುತ್ತದೆ ಎಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ ನಗು ಕೇಳಿಸಿತು. ಗುಡ್ಡೆಯ ಅಡಿಯಲ್ಲಿ ಮೂರು ವಾರದ ಹಿಂದೆ ಕೊಟ್ಟ ಒಣದ್ರಾಕ್ಷಿ ಇತ್ತಂತೆ, ಒಂದು ತುದಿ ಮಾತ್ರ ಕಚ್ಚಿತ್ತಂತೆ.