ಸ್ಟೆಮ್ ಸೆಲ್ ಕಸಿ: ಆಪರೇಷನ್ ಎಷ್ಟು ಗಂಟೆ ನಡೆಯುತ್ತದೆ?

ಪ್ರಶ್ನೆ: ತಂದೆಯವರಿಗೆ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್. ನಾಲ್ಕು ತಿಂಗಳು ಔಷಧ ಆದ ಮೇಲೆ ಈಗ ಅವರದೇ ಸ್ಟೆಮ್ ಸೆಲ್ ತೆಗೆದು ಕಸಿ ಮಾಡೋಣ ಎಂದಿದ್ದಾರೆ. ಆಪರೇಷನ್ ಎಷ್ಟು ಗಂಟೆ ಹಿಡಿಯುತ್ತದೆ? ಬೆನ್ನುಹುರಿಗೆ ಕೈ ಹಾಕಿದರೆ ಮುಂದೆ ನಡೆದಾಡಲು ಕಷ್ಟವಾಗುವುದಿಲ್ಲವೇ?

ಉತ್ತರ: ಆಪರೇಷನ್ ಇಲ್ಲ. ಕೊಯ್ಯುವುದಿಲ್ಲ, ಹೊಲಿಗೆ ಹಾಕುವುದಿಲ್ಲ, ಬೆನ್ನುಹುರಿಯನ್ನು ಯಾರೂ ಮುಟ್ಟುವುದೂ ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಗೊಂದಲ ಹುಟ್ಟುವುದು ಎರಡು ಪದಗಳಿಂದ. ‘ಕಸಿ’ ಎಂದರೆ ಕಿಡ್ನಿ ಕಸಿಯ ಹಾಗೆ ಎಂದುಕೊಳ್ಳುತ್ತಾರೆ. ‘ಮಜ್ಜೆ’ ಎಂದರೆ ಬೆನ್ನಿನೊಳಗಿನ ಹುರಿ ಎಂದುಕೊಳ್ಳುತ್ತಾರೆ. ಬೆನ್ನುಹುರಿ ನರಗಳ ಕಟ್ಟು. ಮಿದುಳಿನಿಂದ ಇಳಿದು ಕೈಕಾಲು ಆಡಿಸುವುದು ಅದು. ಅಸ್ಥಿಮಜ್ಜೆ ಮೂಳೆಯೊಳಗಿನ ಮೆತ್ತನೆಯ ಅಂಗಾಂಶ. ಅದರಲ್ಲಿರುವ ಸ್ಟೆಮ್ ಸೆಲ್ ಎಂಬ ಮೂಲಕೋಶಗಳ ಕೆಲಸ ರಕ್ತ ತಯಾರಿಸುವುದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ದಾನಿಯಿಂದ ನೇರವಾಗಿ ಮಜ್ಜೆಯನ್ನೇ ತೆಗೆಯುವ ಪದ್ಧತಿ ಇದೆ, ನಿಜ. ಅದರಲ್ಲೂ ಅರಿವಳಿಕೆ ಕೊಟ್ಟು ಸೂಜಿ ಚುಚ್ಚುವುದು ಸೊಂಟದ ಮೂಳೆಯ ಹಿಂಭಾಗಕ್ಕೆ. ಬೆನ್ನುಹುರಿ ಅಲ್ಲಿಯವರೆಗೆ ಇಳಿದೇ ಇರುವುದಿಲ್ಲ. ಕೆಲವು ದಿನ ಸೊಂಟ ನೋಯುತ್ತದೆ, ತೆಗೆದ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ‘ಕೊಟ್ಟವನಿಗೆ ಲಕ್ವ ಹೊಡೆಯುತ್ತದೆ’ ಎಂಬ ಮಾತನ್ನು ನಂಬಿ ಒಡಹುಟ್ಟಿದವರು ಹಿಂದೆ ಸರಿಯುವುದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಸರಿಹೊಂದುವ ದಾನಿ ಮನೆಯಲ್ಲೇ ಇದ್ದೂ ಇಲ್ಲದಂತಾಗುತ್ತದೆ.

ನಿಮ್ಮ ತಂದೆಯವರಿಗೆ ಇದೂ ಬೇಡ. ಅವರ ಕೋಶಗಳನ್ನು ತೋಳಿನಲ್ಲಿ ಹರಿಯುವ ರಕ್ತದಿಂದಲೇ ತೆಗೆಯುತ್ತಾರೆ. ಮೊದಲು ನಾಲ್ಕೈದು ದಿನ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್. ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 10 ಮೈಕ್ರೋಗ್ರಾಂ. ಮಜ್ಜೆ ಉಕ್ಕಿ ಕೋಶಗಳು ರಕ್ತಕ್ಕೆ ಬರುತ್ತವೆ, ಅದಕ್ಕೇ ಸೊಂಟ, ಎದೆಮೂಳೆ ನೋಯುತ್ತವೆ. ಆಮೇಲೆ ಅಫೆರೆಸಿಸ್ ಯಂತ್ರ: ರಕ್ತ ಹೊರಗೆ ಬಂದು, ಬೇಕಾದ ಕೋಶ ಬೇರೆಯಾಗಿ, ಉಳಿದದ್ದು ಮೈಗೆ ವಾಪಸ್. ನಾಲ್ಕೈದು ಗಂಟೆಯ ಕೆಲಸ. ರಕ್ತ ಹೆಪ್ಪುಗಟ್ಟದಿರಲು ಸೇರಿಸುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ತುಟಿ, ಬೆರಳ ತುದಿ ಜುಮುಗುಟ್ಟಬಹುದು. ಸುಮ್ಮನೆ ಸಹಿಸಬಾರದು, ಹೇಳಿದರೆ ಕ್ಯಾಲ್ಸಿಯಂ ಕೊಡುತ್ತಾರೆ. ಕಿಲೋ ತೂಕಕ್ಕೆ ಕನಿಷ್ಠ 20 ಲಕ್ಷ ಸಿಡಿ34 ಕೋಶ (ಸ್ಟೆಮ್ ಸೆಲ್ ಎಣಿಸಲು ಬಳಸುವ ಗುರುತು ಇದು) ಸಿಗಬೇಕು. ಮೊದಲ ದಿನ ಸಾಲದಿದ್ದರೆ ಮರುದಿನವೂ ಕೂರಿಸುತ್ತಾರೆ, ಅಥವಾ ಪ್ಲೆರಿಕ್ಸಾಫೋರ್ ಎಂಬ ಇಂಜೆಕ್ಷನ್ ಸೇರಿಸುತ್ತಾರೆ.

ಕೋಶಗಳನ್ನು ಮಂಜುಗಟ್ಟಿಸಿ ಇಟ್ಟ ಮೇಲೆ ಬರುವುದು ನಿಜವಾದ ಚಿಕಿತ್ಸೆ: ಮೆಲ್ಫಲಾನ್. ದೇಹದ ಮೇಲ್ಮೈಯ ಚದರ ಮೀಟರಿಗೆ 200 ಮಿಲಿಗ್ರಾಂ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಹೆಚ್ಚಾಗಿ 140. ಮೈಲೋಮಾವನ್ನು ಕೊಲ್ಲುವುದು ಈ ಔಷಧ, ಕಸಿ ಮಾಡಿದ ಕೋಶಗಳಲ್ಲ. ಇಷ್ಟು ಪ್ರಮಾಣಕ್ಕೆ ಮಜ್ಜೆಯೂ ಬರಿದಾಗುವುದರಿಂದ ಅದನ್ನು ಮತ್ತೆ ಚಿಗುರಿಸಲು ಬೀಜ ಬೇಕು, ತೆಗೆದಿಟ್ಟ ಕೋಶ ಆ ಬೀಜ. ಮೆಲ್ಫಲಾನ್ ಹರಿಯುವ ಮೊದಲು, ಹರಿಯುವಾಗ ಮತ್ತು ನಂತರ ಐಸ್ ಚೂರು ಬಾಯಲ್ಲಿಟ್ಟುಕೊಳ್ಳಲು ಹೇಳುತ್ತಾರೆ. ತಣ್ಣಗಾದ ಬಾಯಿಗೆ ರಕ್ತ ಕಡಿಮೆ ಹರಿಯುತ್ತದೆ, ಔಷಧವೂ ಕಡಿಮೆ ತಲುಪುತ್ತದೆ. ಹಲ್ಲು ಜುಮ್ಮೆಂದರೂ ಬಿಡಬೇಡಿ ಎಂದು ತಂದೆಯವರಿಗೆ ಹೇಳಿ. ಬಾಯಿಹುಣ್ಣಿನಲ್ಲಿ ಎಷ್ಟೋ ವ್ಯತ್ಯಾಸವಾಗುತ್ತದೆ.

ಔಷಧ ರಕ್ತದಿಂದ ಇಳಿಯಲು ಒಂದು ದಿನವಾದರೂ ಬಿಡುತ್ತಾರೆ, ಇಲ್ಲವಾದರೆ ಹೊಸ ಕೋಶಗಳೂ ಸಾಯುತ್ತವೆ. ಆಮೇಲೆ ‘ದಿನ 0’. ಚೀಲವನ್ನು 37 ಡಿಗ್ರಿ ಬೆಚ್ಚನೆಯ ನೀರಿನಲ್ಲಿ ಕರಗಿಸಿ, ರಕ್ತ ಏರಿಸುವ ಹಾಗೆಯೇ ಸೆಂಟ್ರಲ್ ಲೈನಿನಲ್ಲಿ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಬಿಡುತ್ತಾರೆ. ಕೋಶ ಕೆಡದಂತೆ ಸೇರಿಸಿದ ಡಿಎಂಎಸ್ಒದಿಂದಾಗಿ ಒಂದೆರಡು ದಿನ ಉಸಿರು ಬೆಳ್ಳುಳ್ಳಿಯಂತೆ ನಾರುತ್ತದೆ. ಕೋಶಗಳು ರಕ್ತದಲ್ಲಿ ತೇಲಿ ತಾವಾಗಿಯೇ ಮೂಳೆ ಸೇರುತ್ತವೆ. ಮಜ್ಜೆ ಬಿಡುವ ರಾಸಾಯನಿಕ ಸಂಕೇತವೇ ಅವನ್ನು ಕರೆದುಕೊಳ್ಳುತ್ತದೆ. ನಿಮ್ಮ ‘ಎಷ್ಟು ಗಂಟೆ’ಗೆ ಉತ್ತರ ಬೇಕೇ ಬೇಕೆಂದರೆ, ಹೆಚ್ಚಿನವರಿಗೆ ಒಂದೆರಡು ಗಂಟೆಯೊಳಗೆ ಮುಗಿಯುತ್ತದೆ.

ಆಪರೇಷನ್ ಎಂಬ ಕಲ್ಪನೆ ಅಪಾಯಕಾರಿ ಆಗುವುದು ಇಲ್ಲೇ. ಆಪರೇಷನ್ ಆದರೆ ಆ ದಿನ ಕಳೆದರೆ ಗೆದ್ದಂತೆ. ಇಲ್ಲಿ ಹಾಗಲ್ಲ, ದಿನ 0 ಸುಲಭದ ದಿನ. ಮೊದಲ ವಾರ ಮುಗಿಯುವ ಹೊತ್ತಿಗೆ ಬಿಳಿರಕ್ತಕಣ ಸೊನ್ನೆಯ ಹತ್ತಿರ ಇಳಿಯುತ್ತದೆ. ಬಾಯಿಹುಣ್ಣು, ಭೇದಿ, ಸುಸ್ತು ಎಲ್ಲ ಆಗಲೇ. 38 ಡಿಗ್ರಿ ಜ್ವರ ಕಂಡರೆ ಕಾಯುವ ಹಾಗಿಲ್ಲ, ಪ್ಯಾರಾಸಿಟಮಾಲ್ ನುಂಗಿ ಮುಚ್ಚಿಡುವ ಹಾಗೂ ಇಲ್ಲ. ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ‘ಕಸಿ ಚೆನ್ನಾಗಿ ಆಯಿತು’ ಎಂದು ನೆಂಟರು ಸಾಲುಗಟ್ಟಿ ನೋಡಲು ಬರುವುದೂ ಇದೇ ವಾರ. ದಯವಿಟ್ಟು ತಡೆಯಿರಿ. ಹತ್ತರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣ) ಸತತ ಮೂರು ದಿನ ಮೈಕ್ರೋಲೀಟರಿಗೆ 500ರ ಮೇಲೆ ನಿಂತರೆ ಕೋಶಗಳು ಬೇರು ಬಿಟ್ಟವು ಎಂದರ್ಥ.

ದಾನಿಯ ಕೋಶ ಪಡೆದವರ ಲೆಕ್ಕವೇ ಬೇರೆ. ಬೇರು ಬಿಡಲು ಎರಡರಿಂದ ನಾಲ್ಕು ವಾರ, ಆಮೇಲೂ ದಾನಿಯ ಕೋಶಗಳು ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುವ ಭಯ. ಅವರಲ್ಲಿ ಕೆಲವರ ರಕ್ತದ ಗುಂಪೇ ಬದಲಾಗುತ್ತದೆ! ಹೊಂದಾಣಿಕೆ ನೋಡುವ ಎಚ್ಎಲ್ಎ ಜೀನ್‌ಗಳಿರುವುದು 6ನೇ ಕ್ರೋಮೋಸೋಮಿನಲ್ಲಿ, ಎ-ಬಿ-ಓ ಗುಂಪಿನ ಜೀನ್ 9ರಲ್ಲಿ. ಹಾಗಾಗಿ ಗುಂಪು ಬೇರೆಯಾದರೂ ದಾನಿ ಆಗಬಹುದು. ಓ ಗುಂಪಿನ ತಂಗಿಯ ಕೋಶ ಪಡೆದ ಎ ಗುಂಪಿನ ಅಣ್ಣ ಕೆಲವು ತಿಂಗಳಲ್ಲಿ ಓ ಆಗುತ್ತಾನೆ. ಹಳೆಯ ಗುರುತಿನ ಚೀಟಿಯಲ್ಲಿರುವ ಗುಂಪನ್ನು ಅವರು ತಿದ್ದಿಸಿಕೊಳ್ಳಲೇಬೇಕು.

ನೀವು ಕೇಳದಿದ್ದರೂ ಇನ್ನೊಂದು ಮಾತು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆ ಕಸಿಯ ನಂತರ ಬಹುಪಾಲು ಕರಗಿಹೋಗುತ್ತದೆ, ಸ್ವಂತ ಕೋಶವಾದರೂ ಸರಿ. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ನಡುವೆ ಮೊದಲಿನಿಂದ ಶುರು ಮಾಡುತ್ತಾರೆ: ನ್ಯುಮೋಕಾಕಸ್, ಧನುರ್ವಾಯು, ಹೆಪಟೈಟಿಸ್ ಬಿ ಹೀಗೆ. ದಡಾರದಂಥ ಜೀವಂತ ಲಸಿಕೆಗೆ ಎರಡು ವರ್ಷವಾದರೂ ಕಾಯಬೇಕು; ಆಗಲೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನಡೆಯುತ್ತಿದ್ದರೆ ಬೇಡ. ಡಿಸ್ಚಾರ್ಜ್ ದಿನವೇ ಈ ವೇಳಾಪಟ್ಟಿಯನ್ನು ಬರೆಸಿಕೊಂಡು ಬನ್ನಿ.