ತ್ಸುರ್‌ಬೂಖೆನ್: ಮರದ ಬಳಿ ಮನೆ ಇದ್ದವರು

ನಾಸಾದ ವಿಜ್ಞಾನ ವಿಭಾಗಕ್ಕೆ 2016ರಿಂದ 2022ರವರೆಗೆ ಮುಖ್ಯಸ್ಥರಾಗಿದ್ದ ಥಾಮಸ್ ತ್ಸುರ್‌ಬೂಖೆನ್ (Zurbuchen) ನೆನಪಿದ್ದಾರಲ್ವಾ? ಅವರ ಅಡ್ಡಹೆಸರಿಗೆ ‘ಜೂರಿಕ್ಕಿನ ಪುಸ್ತಕದವರು’ ಎಂಬ ಅರ್ಥ ಕೊಟ್ಟಿದ್ದನ್ನು ಮೊನ್ನೆ ಮತ್ತೆ ಓದಿದೆ. ಇದು ಮೂರನೇ ಸಲ. ಜೂರಿಕ್ಕೂ ತಪ್ಪು, ಪುಸ್ತಕವೂ ತಪ್ಪು.

ಜೂರಿಕ್ (Zürich) ಮಾತು ಬೇಗ ಮುಗಿಯುತ್ತದೆ. ಅದು ರೋಮನ್ನರು ತುರಿಕುಮ್ ಎಂದು ಕರೆಯುತ್ತಿದ್ದ ಊರು. ಈ ಅಡ್ಡಹೆಸರಿನ ‘ತ್ಸುರ್’ ಬೇರೆಯೇ. ಜರ್ಮನ್‌ನ ‘ತ್ಸು’, ‘ಡೇರ್’ ಎರಡೂ ಕೂಡಿ ‘ತ್ಸುರ್’ ಆಗಿದೆ. ಇಂಥ ಹೆಸರುಗಳಲ್ಲಿ ಅದರ ಅರ್ಥ ‘ಬಳಿ’. ‘ಬೂಖೆ’ ಎಂದರೆ ಬೀಚ್ ಮರ. ಕಡಲತೀರದ ಬೀಚ್ ಅಲ್ಲ, ಯುರೋಪಿನ ಕಾಡುಗಳಲ್ಲಿ ಎತ್ತರಕ್ಕೆ ಬೆಳೆಯುವ, ನುಣುಪು ತೊಗಟೆಯ ಮರ.

ಪುಸ್ತಕದ ಗೊಂದಲ ಮಾತ್ರ ಹಠಮಾರಿ. ಜರ್ಮನ್‌ನಲ್ಲಿ ಪುಸ್ತಕಕ್ಕೆ ‘ಬೂಖ್’ ಎನ್ನುವುದು ನಿಜ. ಆದರೆ ಅದು ನಪುಂಸಕಲಿಂಗ. ಅದರ ಹಿಂದೆ ‘ತ್ಸುಮ್’ ಬರಬೇಕು. ‘ತ್ಸುರ್’ ಬರುವುದು ಸ್ತ್ರೀಲಿಂಗ ಏಕವಚನಕ್ಕೆ ಮಾತ್ರ. ಮರದ ಹೆಸರು ಸ್ತ್ರೀಲಿಂಗ. ಅಲ್ಲಿಗೆ ಪುಸ್ತಕದ ವಾದ ಮುಗಿಯಿತು.

ಹಾಗಾದರೆ ಕೊನೆಯ ‘ನ್’ ಎಲ್ಲಿಂದ ಬಂತು? ಬಹುವಚನ ಇರಬೇಕು, ‘ಬೀಚ್ ಮರಗಳು’ ಎನ್ನುವವರಿದ್ದಾರೆ. ಅದೂ ಅಲ್ಲ. ಹಿಂದೆ ಜರ್ಮನ್‌ನಲ್ಲಿ ಇಂಥ ಸ್ತ್ರೀಲಿಂಗ ಪದಗಳಿಗೆ ಏಕವಚನದಲ್ಲೂ ‘ನ್’ ಎಂಬ ವಿಭಕ್ತಿ ಪ್ರತ್ಯಯ ಹತ್ತುತ್ತಿತ್ತು. ಮಾತಿನಿಂದ ಅದು ಹೋಯಿತು, ಹೆಸರಿನಲ್ಲಿ ಉಳಿಯಿತು. ‘ಭೂಮಿಯ ಮೇಲೆ’ ಎನ್ನಲು ಜರ್ಮನ್ನರು ಈಗಲೂ ‘ಔಫ್ ಏರ್ಡೆನ್’ ಎನ್ನುತ್ತಾರೆ. ಅಲ್ಲಿರುವುದೂ ಅದೇ ‘ನ್’. ಉತ್ತರ ಕರ್ನಾಟಕದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ‘ಬೇವಿನಮರದ’ ಎಂಬ ಅಡ್ಡಹೆಸರಿನ ಕೊನೆಯ ‘ದ’ ಕೂಡ ವಿಭಕ್ತಿಯೇ. ಅಲ್ಲೂ ಮರ ಒಂದೇ, ಹಲವಲ್ಲ.

ಥಾಮಸ್ ಹುಟ್ಟಿದ್ದು 1968ರಲ್ಲಿ, ಸ್ವಿಟ್ಜರ್ಲೆಂಡಿನ ಬೆರ್ನ್ ಪ್ರಾಂತದ ಹೈಲಿಗನ್‌ಶ್ವೆಂಡಿಯಲ್ಲಿ. ತೂನ್ ಸರೋವರದ ಮೇಲಿನ ಬೆಟ್ಟದ ಹಳ್ಳಿ ಅದು. ಒಂದೇ ಹಳ್ಳಿಯಲ್ಲಿ ನಾಲ್ಕು ಜನ ಹಾನ್ಸ್ ಇದ್ದರೆ ಗುರುತು ಹೇಳಲು ಮರವೋ ಸೇತುವೆಯೋ ಬೇಕಾಗುತ್ತಿತ್ತು. ಸೇತುವೆ ಬಳಿಯವರು ‘ತ್ಸುರ್‌ಬ್ರಿಗೆನ್’. 1897ರಲ್ಲಿ ದಕ್ಷಿಣ ಅಮೆರಿಕದ ಅಕೊಂಕಾಗುವಾ ಶಿಖರವನ್ನು ಮೊದಲು ಹತ್ತಿದ ಮಥಿಯಾಸ್, 1988ರ ಒಲಿಂಪಿಕ್ಸ್ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದ ಪಿರ್ಮಿನ್, ಇಬ್ಬರ ಹೆಸರೂ ಅದೇ. ‘ನ್’ ಇಲ್ಲೂ ಇದೆ, ನೋಡಿ.

2009ರ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ವಾಸ್ತುಶಿಲ್ಪಿ ಪೀಟರ್ ತ್ಸುಮ್‌ಟೋರ್ (Zumthor) ಹೆಸರಿನಲ್ಲಿ ಗುಡುಗಿನ ದೇವರು ಥೋರ್‌ನನ್ನು ಹುಡುಕುವವರಿಗೂ ಒಂದು ಮಾತು. ‘ಟೋರ್’ ಎಂದರೆ ಹೆಬ್ಬಾಗಿಲು. ನಪುಂಸಕಲಿಂಗ, ಅದಕ್ಕೇ ‘ತ್ಸುಮ್’. ಟಿ ಪಕ್ಕದ ಎಚ್ ಬರೀ ಹಳೆಯ ಕಾಗುಣಿತ. 1901ರ ಕಾಗುಣಿತ ಸುಧಾರಣೆಯಲ್ಲಿ ಪದದಿಂದ ಅದನ್ನು ಕೈಬಿಟ್ಟರು. ಮನೆತನದವರು ಬಿಡಲಿಲ್ಲ.